ಹೆಗಲು ನೋಯುವುದು ಕನ್ನಡದಲ್ಲಿ, ಚೀಟಿ ಬರುವುದು ಇಂಗ್ಲಿಷಿನಲ್ಲಿ!

ಕನ್ನಡದ ತಮ್ಮಂದಿರೇ, ತಂಗಿಯರೇ,

ನೀವು ಬೆಂಗಳೂರಿನಲ್ಲಿದ್ದೀರಿ. ನಿಮ್ಮ ಅಪ್ಪ ಕಡೂರಿನಲ್ಲೋ, ತರೀಕೆರೆಯಲ್ಲೋ, ಅಜ್ಜಂಪುರದಲ್ಲೋ ಇದ್ದಾರೆ. ಅವರಿಗೆ ಒಂದು ಕಡೆಯ ಹೆಗಲು ಹಿಡಿದುಕೊಂಡಿದೆ. ಅಂಗಿಯ ತೋಳಿಗೆ ಕೈ ತೂರಿಸಲು ಆಗುತ್ತಿಲ್ಲ. ಅಡಿಕೆ ಸುಲಿದ ಕೈ, ತೆಂಗಿನಕಾಯಿ ಮೂಟೆ ಹೊತ್ತ ಹೆಗಲು, ನೋಯದೆ ಇನ್ನೇನು ಮಾಡೀತು ಅಂತ ಮನೆಯವರು ಎಣ್ಣೆ ತಿಕ್ಕುತ್ತಾರೆ. ಮೂರು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದರೆ ಎರಡೇ ನಿಮಿಷ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಫ್ರೋಜನ್ ಶೋಲ್ಡರ್'. ಅಲ್ಲಿಗೆ ಮುಗಿಯಿತು!

ಮುಗಿಯಿತೇ? ಹೆಗಲು ಹಿಡಿಯಲು ಕಾರಣ ಹಲವು. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು. ಆದರೆ ಇನ್ನೊಂದು ಕಾರಣವನ್ನು ನಮ್ಮ ಜನಕ್ಕೆ ಯಾರೂ ಹೇಳುತ್ತಿಲ್ಲ: ಪಾರ್ಕಿನ್‌ಸನ್ ಕಾಯಿಲೆ, ನಮ್ಮ ಹಿರಿಯರು ಕಂಪವಾತ ಎನ್ನುವುದು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ, ಕೈಯ ಓಡಾಟ ಕಮ್ಮಿಯಾಗುತ್ತದೆ. ಆಡದ ಕೀಲು ಹಿಡಿದುಕೊಳ್ಳುತ್ತದೆ. 1989ರಲ್ಲಿ ಕೆನಡಾದ ವೈದ್ಯರು ಈ ಕಾಯಿಲೆಯ 150 ಮಂದಿಯನ್ನು ವಿಚಾರಿಸಿದರು. ನೂರಕ್ಕೆ 43 ಮಂದಿಗೆ ಹೆಗಲಿನ ತೊಂದರೆ ಇತ್ತು. ಕಾಯಿಲೆ ಇಲ್ಲದವರಲ್ಲಿ ಅದು ನೂರಕ್ಕೆ 23. ನೂರಕ್ಕೆ ಎಂಟು ಮಂದಿಗಾದರೂ ಹೆಗಲು ಹಿಡಿದದ್ದೇ ಮೊದಲ ಲಕ್ಷಣ. ಉಳಿದ ಗುರುತುಗಳು ಕಂಡದ್ದು ಆಮೇಲೆ, ಕೆಲವರಿಗೆ ಎರಡು ವರ್ಷ ತಡವಾಗಿ. ನಡುಕ ಬರಲಿ, ನೋಡೋಣ ಎಂದು ಕಾಯುವವರು ಕೇಳಿಸಿಕೊಳ್ಳಲಿ: ಕೆಲವರಿಗೆ ನಡುಕ ಬರುವುದೇ ಇಲ್ಲ.

ಇದರಲ್ಲಿ ಭಾಷೆಯ ಮಾತೇಕೆ ಬಂತು ಎನ್ನುತ್ತೀರಾ? ಕೇಳಿ. ಈ ಕಾಯಿಲೆ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಎಕ್ಸ್‌ರೇ ತೆಗೆದರೆ ಹೆಗಲಿನ ಮೂಳೆ ಸರಿಯಾಗಿಯೇ ಕಾಣಬಹುದು. ವೈದ್ಯರು ರೋಗಿಯನ್ನು ನಡೆಸಿ ನೋಡಬೇಕು, ಕೈ ಆಡಿಸಿ ನೋಡಬೇಕು, ಎಲ್ಲಕ್ಕಿಂತ ಮೊದಲು ಮಾತಾಡಿಸಬೇಕು. ನಡೆಯುವಾಗ ಒಂದು ಕೈ ಬೀಸದೆ ಮೈಗೆ ಅಂಟಿಕೊಳ್ಳುತ್ತದೆಯೇ? ಗುಂಡಿ ಹಾಕಲು ತಡವಾಗುತ್ತದೆಯೇ? ಒಗ್ಗರಣೆ ವಾಸನೆ ಮೊದಲಿನಂತೆ ತಿಳಿಯುತ್ತದೆಯೇ? ಇದನ್ನೆಲ್ಲ ಅಜ್ಜಂಪುರದ ರೈತನಿಗೆ ಯಾವ ಭಾಷೆಯಲ್ಲಿ ಕೇಳುತ್ತೀರಿ ಸ್ವಾಮಿ? ಇಲ್ಲಿ ಭಾಷೆಯೇ ಸ್ಟೆತಾಸ್ಕೋಪು! ಅದನ್ನು ಮೇಜಿನ ಕೆಳಗೆ ಬಿಸಾಕಿ ರೋಗ ಹುಡುಕುವವರಿಗೆ ಏನೆನ್ನಬೇಕು?

ನಾನು ಪ್ರೆಸ್ಸಿನವನು. ಬಿಲ್ ಪುಸ್ತಕಕ್ಕೆ ವರ್ಷಗಟ್ಟಲೆ ರುಜು ಹಾಕಿದ ಒಬ್ಬ ಗಿರಾಕಿಯ ಅಕ್ಷರ ಬರಬರುತ್ತಾ ಇರುವೆಯಷ್ಟಾಯಿತು. ಅದೂ ಈ ಕಾಯಿಲೆಯ ಗುರುತು. ಅಷ್ಟು ಹೊತ್ತಿಗೆ ಅವರು ಹೆಗಲಿಗೆ ಒಂದು ವರ್ಷ ಬಿಸಿ ಶಾಖ ತೆಗೆದುಕೊಂಡಾಗಿತ್ತು. ಅವರು ತಂದು ತೋರಿಸಿದ ಚೀಟಿಗಳಲ್ಲಿ ಒಂದು ಕನ್ನಡ ಅಕ್ಷರವಿರಲಿಲ್ಲ. ಚೀಟಿ ಪುಸ್ತಕದ ಆರ್ಡರ್ ನಮ್ಮಲ್ಲಿಗೆ ಬರುವುದೂ ಹಾಗೆಯೇ. ಸತ್ಯನಾರಾಯಣ ಪೂಜೆಯ ಕರೆಯೋಲೆ ಕನ್ನಡದಲ್ಲಿ ಬೇಕು, ಜೀವ ಉಳಿಸುವ ಕಾಗದ ಮಾತ್ರ ಇಂಗ್ಲಿಷಿನಲ್ಲಿ!

ವೈದ್ಯಕೀಯವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಸೋಗು ಬೇಡ. ಡಾಕ್ಟರ್ ಅನುಪಮಾ ನಿರಂಜನ ಬಸಿರು ಬಾಣಂತನವನ್ನು ಹಳ್ಳಿಯ ಹೆಣ್ಣುಮಗಳಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ತೋರಿಸಿ ದಶಕಗಳಾದವು. ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಆರೋಗ್ಯ ಮಂತ್ರಿಗಳಿಗೆ ಪತ್ರ ಬರೆದರು. ಆಗ ನಕ್ಕವರು ಇದ್ದಾರೆ. ಅವರು ಒಂದು ದಿನ ನಮ್ಮೂರಿನ ಔಷಧಿ ಅಂಗಡಿಯ ಮುಂದೆ ನಿಲ್ಲಲಿ. ಲೆವೊಡೋಪಾ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಹೊತ್ತು ತಪ್ಪಿದರೆ ಮೈ ಮತ್ತೆ ಬಿಗಿಯುತ್ತದೆ. ಆ ಹೊತ್ತು ಓದಲು ಬಾರದ ಲಿಪಿಯಲ್ಲಿದ್ದರೆ?

ಇದಕ್ಕೆ ಬೇರುಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ, ನಿಜ. ಆದರೆ ಮಾತ್ರೆ, ವ್ಯಾಯಾಮ ಸಿಕ್ಕರೆ ಬಿಗಿತ ಸಡಿಲುತ್ತದೆ, ಎಷ್ಟೋ ಮಂದಿಗೆ ಹೆಗಲೂ ಹಗುರಾಗುತ್ತದೆ.

ಆದ್ದರಿಂದ ಹುಡುಗರೇ, ಬೋರ್ಡಿಗೆ ಕಪ್ಪು ಬಳಿದು ಬಂದ ಮೇಲೆ ಸುಮ್ಮನೆ ಕೂರಬೇಡಿ. ಈ ಹಬ್ಬಕ್ಕೆ ಕಡೂರಿನಲ್ಲೋ ಬೀರೂರಿನಲ್ಲೋ ರೈಲಿಳಿದು ಮನೆಗೆ ಹೋದಾಗ ಅಪ್ಪ ಅಂಗಳದಲ್ಲಿ ನಡೆಯುವುದನ್ನು ಹಿಂದಿನಿಂದ ನೋಡಿ. ಒಂದು ಕೈ ಬೀಸದಿದ್ದರೆ ನರರೋಗ ತಜ್ಞರ ಬಳಿ ಕರೆದೊಯ್ಯಿರಿ, ಶಿವಮೊಗ್ಗವೋ ಬೆಂಗಳೂರಿನ ನಿಮ್ಹಾನ್ಸೋ. ಜೊತೆಗೆ ನೀವೂ ಒಳಗೆ ಹೋಗಿ. "ಸಾರ್, ಯಾವ ಮಾತ್ರೆ ಯಾವ ಹೊತ್ತಿಗೆ ಅನ್ನೋದನ್ನ ಕನ್ನಡದಲ್ಲಿ ಬರೆದುಕೊಡಿ" ಎನ್ನಿ. ಬರೆದುಕೊಡುವ ತನಕ ಕುರ್ಚಿ ಬಿಟ್ಟು ಏಳಬೇಡಿ.