ಸರ್ವರ್ ಕೈಕೊಟ್ಟರೆ ಲಾಗ್ ನೋಡ್ತೀವಿ, ಕಿಡ್ನಿ ಕೈಕೊಟ್ಟರೆ?

ಸರ್ವರ್ ಡೌನ್ ಆದಾಗ ಲಾಗ್ ನೋಡದೆ ರೀಸ್ಟಾರ್ಟ್ ಮಾಡಿದ್ರೆ ನಮ್ಮ ಮ್ಯಾನೇಜರ್ ಸುಮ್ಮನೆ ಬಿಡಲ್ಲ. ಮನುಷ್ಯನ ಕಿಡ್ನಿ ಡೌನ್ ಆದಾಗ ಮಾತ್ರ ಅದರ ಲಾಗ್ ಫೈಲನ್ನು, ಅಂದ್ರೆ ಮೂತ್ರವನ್ನು, ಯಾರೂ ನೆಟ್ಟಗೆ ನೋಡಲ್ಲ. ನನ್ನ ಸಿಟ್ಟು ಇರೋದು ಇಲ್ಲೇ.

2023ರಲ್ಲಿ ನಮ್ಮ ದೊಡ್ಡಪ್ಪನಿಗೆ ಇದ್ದಕ್ಕಿದ್ದಂತೆ ಕಾಲು ಊತ, ಮೂತ್ರ ಕಮ್ಮಿ. ಕ್ರಿಯಾಟಿನಿನ್ 4.1. ಸ್ಕ್ಯಾನ್ ಆಯ್ತು, ದಿನಾ ರಕ್ತ ತೆಗೆದಿದ್ದೂ ಆಯ್ತು. ಮೂತ್ರದ ಬಾಟಲಿ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೆ ವಾರ್ಡಿನ ಕಿಟಕಿಯಲ್ಲೇ ಕೂತಿತ್ತು. ರಿಪೋರ್ಟಿನಲ್ಲಿ 'ಕಾಸ್ಟ್: ನಿಲ್'. (ಕಾಸ್ಟ್ ಅಂದ್ರೆ ಕಿಡ್ನಿಯ ನಾಳದೊಳಗೆ ಎರಕ ಹೊಯ್ದಂತೆ ಮೂಡುವ ಪುಟ್ಟ ಕೊಳವೆ. ಮೂತ್ರ ಹಳತಾದ್ರೆ ಕರಗಿಹೋಗುತ್ತೆ.)

ಐದನೇ ದಿನ ಇನ್ನೊಬ್ಬ ಡಾಕ್ಟರು ಬಂದು ತಾಜಾ ಮೂತ್ರ ತರಿಸಿ, ಸೆಂಟ್ರಿಫ್ಯೂಜಲ್ಲಿ ತಿರುಗಿಸಿ, ತಳದ ಗಸಿಯನ್ನು ತಾವೇ ಮೈಕ್ರೋಸ್ಕೋಪಿನಲ್ಲಿ ನೋಡಿದ್ರು. ಕೆಂಪು ರಕ್ತಕಣಗಳ ಕಾಸ್ಟ್! ಕಿಡ್ನಿಯ ಸೋಸುವ ಜಾಲರಿಯಲ್ಲೇ ಉರಿಯೂತ. ಬಯಾಪ್ಸಿಯೂ ಅದನ್ನೇ ಹೇಳಿತು, ಸ್ಟೀರಾಯ್ಡ್ ಶುರುವಾಯ್ತು. ಇಂಥ ಉರಿಯೂತದಲ್ಲಿ ತಡವಾದಷ್ಟೂ ಜಾಲರಿ ಕಲೆಗಟ್ಟಿ ಹೋಗುತ್ತೆ, ಮತ್ತೆ ಬರಲ್ಲ. ಆ ಐದು ದಿನದ ಲೆಕ್ಕ ಯಾರು ಕೊಡ್ತಾರೆ?

ಕ್ರಿಯಾಟಿನಿನ್ ಹೇಳೋದು 'ಎರರ್ ಇದೆ' ಅಂತ ಅಷ್ಟೆ. ಎಲ್ಲಿದೆ ಅನ್ನೋ ಸುಳಿವು ಮೂತ್ರದಲ್ಲಿರುತ್ತೆ. ಕೆಸರು ಬಣ್ಣದ ಕಾಸ್ಟ್ ಕಂಡರೆ ನಾಳಗಳ ಒಳಪದರ ಸತ್ತಿರೋ ಗುರುತು. ಸ್ಟ್ರಿಪ್ಪಿನಲ್ಲಿ ರಕ್ತ ಅಂತ ಬಂದು ಮೈಕ್ರೋಸ್ಕೋಪಿನಲ್ಲಿ ಕಣವೇ ಇಲ್ಲದಿದ್ರೆ, ಒಡೆದ ರಕ್ತಕಣದ ಹಿಮೋಗ್ಲೋಬಿನ್ ಅಥವಾ ಸ್ನಾಯುವಿನ ಮಯೋಗ್ಲೋಬಿನ್ ಮೇಲೆ ಅನುಮಾನ. ಕೊಳಕುಮಂಡಲ ಕಚ್ಚಿದವರಲ್ಲಿ ಇದನ್ನು ಮರೆಯೋ ಹಾಗೇ ಇಲ್ಲ. ಇನ್ನು ಸೋಡಿಯಂ ಲೆಕ್ಕ: ಸೋಸಿದ ಸೋಡಿಯಂನಲ್ಲಿ 1%ಗಿಂತ ಕಮ್ಮಿ ಹೊರಹೋಗ್ತಿದ್ರೆ ಸಾಮಾನ್ಯವಾಗಿ ಕಿಡ್ನಿಗೆ ರಕ್ತ ಸಾಲದೆ ಉಪ್ಪು ಹಿಡಿದಿಟ್ಟುಕೊಂಡಿದೆ ಅಂತ, 2% ದಾಟಿದ್ರೆ ನಾಳಗಳೇ ಕೆಟ್ಟಿವೆ ಅಂತ. ಈ ಪರೀಕ್ಷೆಯ ಬಗ್ಗೆ ಎಸ್ಪಿನೆಲ್ ಬರೆದದ್ದು 1976ರಲ್ಲಿ!

'ಇದೆಲ್ಲ ಹಳೇ ಕಾಲದ್ದು, ಈಗ ಮೆಷಿನ್ ಇದೆ' ಅಂತಾರೆ. ಮೆಷಿನ್ ಕಣ ಎಣಿಸುತ್ತೆ, ಕಾಸ್ಟನ್ನು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತೆ. ಸ್ಕ್ಯಾನ್ ದಾರಿ ಕಟ್ಟಿದೆಯಾ ಅಂತ ಹೇಳುತ್ತೆ, ಉರಿಯೂತ ಯಾವುದು ಅಂತಲ್ಲ. ಮೂತ್ರವೂ ಸರ್ವಜ್ಞ ಅಲ್ಲ, ಒಪ್ತೀನಿ. ಲಾಸಿಕ್ಸ್ ಕೊಟ್ಟಿದ್ರೆ ಸೋಡಿಯಂ ಲೆಕ್ಕ ತಲೆಕೆಳಗಾಗುತ್ತೆ, ಕಾಸ್ಟ್ ಕಾಣದಿದ್ರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಆದ್ರೆ ಲಾಗ್ ಅಪೂರ್ಣ ಅಂತ ಯಾರಾದ್ರೂ ತೆರೆಯದೇ ಇರ್ತಾರಾ?

ನಿಮ್ಮವರು ಅಡ್ಮಿಟ್ ಆದಾಗ ಸಂಕೋಚ ಬಿಟ್ಟು ಕೇಳಿ: "ಸಾರ್, ಮೂತ್ರವನ್ನ ಎರಡು ಗಂಟೆಯೊಳಗೆ ಯಾರಾದ್ರೂ ಮೈಕ್ರೋಸ್ಕೋಪಿನಲ್ಲಿ ನೋಡಿದ್ರಾ?"

ನಾವು ಕೇಳಿದ್ದು ಐದನೇ ದಿನ. ನೀವು ಮೊದಲ ದಿನವೇ ಕೇಳಿ.