ಹಕ್ಕಿಯ ನಿಜವಾದ ಬಣ್ಣ

ನೇತ್ರಾವತಿ ಮತ್ತು ಗುರುಪುರ ನದಿಗಳು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ ಮಂಗಳೂರು ನೆಲೆಸಿದೆ. ಹೊಳೆ, ಕಡಲು, ಗದ್ದೆ, ತೆಂಗಿನ ತೋಟಗಳು ಒಂದಕ್ಕೊಂದು ಸಮೀಪವಾಗಿರುವ ಈ ಊರಿನಲ್ಲಿ ಹಕ್ಕಿಗಳಿಗೆ ಬರವಿಲ್ಲ. ಮೀನಿನ ದಕ್ಕೆಯ ಮೇಲೆ ಗರುಡಗಳು ಸುತ್ತುತ್ತವೆ; ಅಳಿವೆಯ ಕೆಸರಿನಲ್ಲಿ ಬೆಳ್ಳಕ್ಕಿಗಳು ಧ್ಯಾನಸ್ಥವಾಗಿ ನಿಲ್ಲುತ್ತವೆ; ತೋಡಿನ ಅಂಚಿನ ಕೊಂಬೆಯಿಂದ ಮಿಂಚುಳ್ಳಿ ನೀರಿಗೆ ಧುಮುಕುತ್ತದೆ. ಹಿಂದೆ ಕೆಲವರ ಕೈಯಲ್ಲಷ್ಟೇ ಇದ್ದ ಕ್ಯಾಮೆರಾ ಈಗ ಮೊಬೈಲ್ ಫೋನಿನೊಳಗೆ ಸೇರಿ ಮನೆಮನೆಗೂ ಬಂದಿರುವುದರಿಂದ, ಇವುಗಳ ಚಿತ್ರ ತೆಗೆಯುವ ಹವ್ಯಾಸ ಎಳೆಯರಲ್ಲಿಯೂ ಹಬ್ಬಿದೆ. ಇದು ಸಂತೋಷದ ಸಂಗತಿ. ಆದರೆ ಸಾಧನ ಸುಲಭವಾದಷ್ಟೂ ಅದನ್ನು ಬಳಸುವವನ ಹೊಣೆ ಹೆಚ್ಚುತ್ತದೆ. ಹಕ್ಕಿಯ ಚಿತ್ರವನ್ನು ಸಹಜವಾದ ಬೆಳಕಿನಲ್ಲಿ ತೆಗೆಯಬೇಕು, ಅದರ ಬಣ್ಣವನ್ನು ಇದ್ದಂತೆಯೇ ಉಳಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಕ್ಕಿಯ ಬಣ್ಣವೆಂದರೇನು? ನಮ್ಮ ರಾಜ್ಯಪಕ್ಷಿಯಾದ ನೀಲಕಂಠವನ್ನೇ ನೋಡಿರಿ. ತಂತಿಯ ಮೇಲೆ ಕುಳಿತಾಗ ಅದು ಮಾಸಲು ಕಂದುಬಣ್ಣದ ಸಾಮಾನ್ಯ ಹಕ್ಕಿ. ರೆಕ್ಕೆ ಬಿಚ್ಚಿ ಹಾರಿದೊಡನೆ ಅಚ್ಚನೀಲಿ, ತಿಳಿನೀಲಿಗಳ ಪಟ್ಟೆಗಳು ಬೆಳಗುತ್ತವೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ ಇದೇ ಹಕ್ಕಿಯ ಗರಿಗಳನ್ನು ಪರೀಕ್ಷಿಸಿ, ಹಕ್ಕಿಗಳ ಬಣ್ಣದ ಮೂಲವನ್ನು ಕುರಿತು 1934ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ನೀಲಕಂಠದ ಗರಿಯಲ್ಲಿ ನೀಲಿಯ ರಂಗುದ್ರವ್ಯವಿಲ್ಲ. ಗರಿಯ ಎಳೆಗಳೊಳಗಿನ ಅತಿಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರುವುದರಿಂದಲೇ ಆ ನೀಲಿ ಹುಟ್ಟುತ್ತದೆ. ಗರಿಯನ್ನು ಬೆಳಕಿಗೆ ಅಡ್ಡವಾಗಿ ಹಿಡಿದರೆ ನೀಲಿ ಮರೆಯಾಗಿ ಕಂದು ಛಾಯೆ ಉಳಿಯುತ್ತದೆ. ಎಂದ ಮೇಲೆ ಹಕ್ಕಿಯ ಬಣ್ಣವು ಗರಿ ಮತ್ತು ಬೆಳಕು ಕೂಡಿ ಆಡುವ ಆಟ. ಬೆಳಕನ್ನು ಕೆಡಿಸಿದವನು ಬಣ್ಣವನ್ನೂ ಕೆಡಿಸುತ್ತಾನೆ.

ಬಣ್ಣವು ಕೇವಲ ಅಲಂಕಾರವಲ್ಲ. ಅದು ಹಕ್ಕಿ ಹೇಳುವ ಮಾತು. ಗದ್ದೆಯಲ್ಲಿ ದನಗಳ ಹಿಂದೆ ನಡೆಯುವ ಗೋವಕ್ಕಿಯು ವರ್ಷದ ಬಹುಕಾಲ ಬಿಳಿಯಾಗಿರುತ್ತದೆ. ಸಂತಾನದ ಕಾಲ ಬಂದಾಗ ಅದರ ತಲೆ, ಕತ್ತು, ಬೆನ್ನುಗಳಲ್ಲಿ ಕಿತ್ತಳೆ ಛಾಯೆ ಮೂಡುತ್ತದೆ. ಚಿತ್ರ ಇನ್ನಷ್ಟು ಶುಭ್ರವಾಗಲೆಂದು ಒಬ್ಬನು ಆ ಛಾಯೆಯನ್ನು ಅಳಿಸಿದನೆನ್ನಿ. ಅವನು ಅಳಿಸಿದ್ದು ಒಂದು ಋತುವಿನ ಸಾಕ್ಷ್ಯವನ್ನು. ಮುಂದೊಂದು ದಿನ ಈ ಗದ್ದೆಗಳಲ್ಲಿ ಯಾವ ಹಕ್ಕಿ ಯಾವ ಕಾಲದಲ್ಲಿ ಹೇಗಿತ್ತೆಂದು ತಿಳಿಯಬಯಸುವವರಿಗೆ ಅಂತಹ ಚಿತ್ರದಿಂದ ಏನು ಪ್ರಯೋಜನ?

‘ಛಾಯಾಗ್ರಹಣವೂ ಒಂದು ಕಲೆಯಲ್ಲವೇ? ಚಿತ್ರಕಾರನಿಗಿರುವ ಸ್ವಾತಂತ್ರ್ಯ ಛಾಯಾಗ್ರಾಹಕನಿಗೇಕೆ ಇಲ್ಲ?’ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಸಾಧುವಾದುದೇ. ಆದರೆ ಚಿತ್ರಕಾರನು ತನ್ನ ಕಲ್ಪನೆಯನ್ನು ಕಲ್ಪನೆಯೆಂದೇ ನಮ್ಮ ಮುಂದಿಡುತ್ತಾನೆ. ಛಾಯಾಚಿತ್ರವಾದರೋ ‘ಇದು ಹೀಗೆಯೇ ಇತ್ತು’ ಎಂದು ಪ್ರಮಾಣ ಮಾಡುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪುಬಿಳುಪಿನಲ್ಲಿಯೇ ವನ್ಯಜೀವಿಗಳ ಶ್ರೇಷ್ಠ ಚಿತ್ರಗಳನ್ನು ತೆಗೆದರು. ಅಲ್ಲಿ ಬಣ್ಣವಿಲ್ಲ, ಆದರೆ ಸುಳ್ಳೂ ಇಲ್ಲ. ಇಲ್ಲದ ಬಣ್ಣವನ್ನು ಇದೆಯೆನ್ನುವುದು ಮಾತ್ರ ಅಸತ್ಯ. ನಿಸರ್ಗದ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ತಿದ್ದಿದರೂ ಅದು ಸಹಜವಾಗಿಯೇ ಕಾಣಬೇಕು ಎಂದು ಅಮೆರಿಕ ಮತ್ತು ಬ್ರಿಟನ್ನಿನ ಪ್ರಮುಖ ಸಂಸ್ಥೆಗಳೂ ಅಂತರರಾಷ್ಟ್ರೀಯ ಒಕ್ಕೂಟವೂ 2014ರಲ್ಲಿ ಒಮ್ಮತಕ್ಕೆ ಬಂದುದು ಈ ಕಾರಣದಿಂದಲೇ.

ಸಹಜ ಬೆಳಕಿನ ಪರವಾಗಿ ಇನ್ನೂ ಒಂದು ಮಾತಿದೆ. ಗೂಡಿನ ಬಳಿಗೆ ಹೋಗಿ, ಅಡ್ಡವಾದ ರೆಂಬೆಗಳನ್ನು ಕಡಿದು, ಫ್ಲ್ಯಾಶ್ ಬೆಳಗಿಸುವವರಿದ್ದಾರೆ. ಬೆದರಿದ ತಾಯಿಹಕ್ಕಿ ಹಾರಿಹೋದರೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ತುತ್ತಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ, ಗೂಡುಗಳನ್ನು ಕದಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಕೋವಿಯ ಬದಲು ಕ್ಯಾಮೆರಾ ಹಿಡಿದ ಮಾತ್ರಕ್ಕೆ ಮನುಷ್ಯನು ನಿರಪರಾಧಿಯಾಗುವುದಿಲ್ಲ.

ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ಕಾಯುವುದರಿಂದ. ನಡುಹಗಲಿನ ಬಿಸಿಲಿನಲ್ಲಿ ಗರುಡನ ಬಿಳಿಯ ತಲೆ ಬರಿಯ ಬೆಳ್ಳನೆಯ ಮಚ್ಚೆಯಾಗುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಅದರ ಒಂದೊಂದು ಗರಿಯೂ, ಮೈಯ ಇಟ್ಟಿಗೆಗೆಂಪೂ ಸ್ಪಷ್ಟವಾಗಿ ಮೂಡುತ್ತವೆ. ಮೋಡ ಕವಿದ ಮಳೆಗಾಲದ ದಿನವೂ ನಿಷ್ಪ್ರಯೋಜಕವಲ್ಲ. ಆ ಮೆದುಬೆಳಕಿನಲ್ಲಿ ಬೆಳ್ಳಕ್ಕಿಯ ಬಿಳುಪಿನೊಳಗಣ ನವುರು ನೆರಳುಗಳು ಉಳಿಯುತ್ತವೆ. ಹೀಗೆ ಕಾಯುವವನು ಹಕ್ಕಿಯ ನಡೆ, ಆಹಾರ, ಅಂಜಿಕೆಗಳನ್ನು ತನಗರಿವಿಲ್ಲದೆಯೇ ಕಲಿಯುತ್ತಾನೆ. ಕಾಯದೆ ಬಣ್ಣ ಬಳಿಯುವವನಿಗೆ ದೊರೆಯುವುದು ಚಿತ್ರ ಮಾತ್ರ.

ಮುಂದೆ ನೀವು ಕ್ಯಾಮೆರಾವನ್ನು ಎತ್ತಿದಾಗ ಈ ಮಾತನ್ನು ನೆನೆಯಿರಿ: ಹಕ್ಕಿಯನ್ನು ಸುಂದರಗೊಳಿಸುವ ಹೊಣೆಯನ್ನು ಯಾರೂ ನಮಗೆ ಒಪ್ಪಿಸಿಲ್ಲ. ಅದರ ಚೆಲುವಿಗೆ ಪ್ರಾಮಾಣಿಕ ಸಾಕ್ಷಿಯಾಗುವುದಷ್ಟೇ ನಮ್ಮ ಕೆಲಸ.