ಆಡುವ ಆಟವೂ ಕನ್ನಡ ವಿಮರ್ಶೆಯೂ

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದು ಸೇಡಂ ತಾಲ್ಲೂಕಿನ ಮಳಖೇಡವೆಂಬ ಊರು. ಅಲ್ಲಿಂದ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣಕ್ಕೆ ಹೊರಟವರು ಕಲಬುರಗಿ ನಗರವನ್ನೂ ಕಮಲಾಪುರವನ್ನೂ ಹಾಯ್ದು ಹುಮನಾಬಾದಿನ ಮೇಲೆ ಹೋಗುತ್ತಾರೆ. ಈ ದಾರಿಯ ಎರಡು ತುದಿಗಳಿಗೂ ಒಂದೊಂದು ದೊಡ್ಡ ಗ್ರಂಥದ ನಂಟಿದೆ. ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನ 'ಕವಿರಾಜಮಾರ್ಗ' (ಸು. 850) ಕನ್ನಡದಲ್ಲಿ ಈವರೆಗೆ ದೊರೆತಿರುವ ಮೊದಲ ಗ್ರಂಥ, ಕಾವ್ಯದ ಗುಣದೋಷ ವಿವೇಚನೆ ಅದರ ವಸ್ತು. ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' 12ನೆಯ ಶತಮಾನದ ಒಂದು ವಿಶ್ವಕೋಶ. ನೂರು ಅಧ್ಯಾಯಗಳ ಆ ಗ್ರಂಥದ ಐದು ವಿಂಶತಿಗಳಲ್ಲಿ ಕೊನೆಯದು 'ಕ್ರೀಡಾವಿಂಶತಿ', ಎಂದರೆ ಆಟಗಳಿಗೇ ಮೀಸಲಾದ ಇಪ್ಪತ್ತು ಅಧ್ಯಾಯಗಳು. ದಾರಿಯ ಒಂದು ತುದಿಯಲ್ಲಿ ವಿಮರ್ಶೆ, ಇನ್ನೊಂದು ತುದಿಯಲ್ಲಿ ಆಟ.

ಇಂದು ಅದೇ ದಾರಿಯಲ್ಲಿ ಕಮಲಾಪುರದಿಂದ ಕಲಬುರಗಿಯ ಕಾಲೇಜುಗಳಿಗೆ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳ ಮಾತಿಗೆ ಕಿವಿಗೊಟ್ಟರೆ ಈ ಎರಡು ತುದಿಗಳೂ ಒಂದೆಡೆ ಕೂಡಿದಂತೆ ತೋರುತ್ತದೆ. ಮೊಬೈಲಿನಲ್ಲಿ ಆಡುತ್ತಿರುವ ಆಟದ ಬಗೆಗೆ ಅವರು ಅಭಿಪ್ರಾಯ ಹಂಚಿಕೊಳ್ಳುತ್ತಿರುತ್ತಾರೆ. 'ಮ್ಯಾಪ್ ಛಲೋ ಅದ, ಆದ್ರ ಝೋನ್ ಭಾಳ ಲಗೂ ಸಣ್ಣಾಗ್ತದ' ಎಂಬಂಥ ಮಾತು ಅಲ್ಲಿ ಸಾಮಾನ್ಯ. ಹಿರಿಯರ ಕಿವಿಗೆ ಇದು ಹೊತ್ತುಗಳೆಯುವ ಹರಟೆ. ಆದರೆ ಆ ಒಂದು ವಾಕ್ಯದಲ್ಲಿ ಒಂದು ಗುಣವನ್ನು ಒಪ್ಪಲಾಗಿದೆ, ಒಂದು ದೋಷವನ್ನು ಎತ್ತಿ ತೋರಿಸಲಾಗಿದೆ, ದೋಷಕ್ಕೆ ಕಾರಣವನ್ನೂ ಸೂಚಿಸಲಾಗಿದೆ. ವಿಮರ್ಶೆಯ ಬೀಜರೂಪ ಇದಲ್ಲದೆ ಬೇರೆ ಯಾವುದು? ಸಾಹಿತ್ಯದ ತರಗತಿಯಲ್ಲಿ ಪಂಪನ ಬಗೆಗೆ ಸ್ವಂತ ಅಭಿಪ್ರಾಯ ಹೇಳಲು ಹಿಂಜರಿಯುವ ವಿದ್ಯಾರ್ಥಿ ಆಟದ ಬಗೆಗೆ ನಿರ್ಭಯವಾಗಿ ತೀರ್ಪು ಕೊಡುತ್ತಾನೆ. ಈ ನಿರ್ಭಯವಾದ ತೀರ್ಪನ್ನು ಕನ್ನಡ ವಿಮರ್ಶೆ ತನ್ನದೆಂದು ಬರಮಾಡಿಕೊಳ್ಳಬೇಕು. ಇಲ್ಲವಾದರೆ ಒಂದು ತಲೆಮಾರಿನ ಮೊದಲ ವಿಮರ್ಶಾಪ್ರಜ್ಞೆ ಕನ್ನಡದ ಹೊರಗೇ ಬೆಳೆದು ಹೊರಗೇ ಉಳಿಯುತ್ತದೆ.

ಈ ಮಾತಿಗೆ ಆಧಾರ ಕವಿರಾಜಮಾರ್ಗದಲ್ಲಿಯೇ ಇದೆ. ಶಾಸ್ತ್ರವನ್ನು ಓದದವರಲ್ಲಿಯೂ ಕಾವ್ಯಪ್ರಯೋಗದ ಪರಿಣತಿಯುಂಟೆಂದು, ಎಳೆಯರಿಗೂ ತಮ್ಮ ಮಟ್ಟದ ವಿವೇಕವಿದೆಯೆಂದು ಶ್ರೀವಿಜಯ ಈ ನಾಡಿನ ಜನರನ್ನು ಕುರಿತು ಹೇಳುತ್ತಾನೆ. ಆ ಪದ್ಯಗಳನ್ನು ನಾಡಿನ ಹೆಮ್ಮೆಯ ಮಾತುಗಳೆಂದು ಉದ್ಧರಿಸುವುದು ರೂಢಿ. ವಾಸ್ತವವಾಗಿ ಅವು ವಿಮರ್ಶೆಯ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳು. ಆದರೆ ಶ್ರೀವಿಜಯ ಜನರ ಸಹಜ ವಿವೇಕವನ್ನು ಹೊಗಳಿ ಅಲ್ಲಿಗೇ ನಿಲ್ಲುವುದಿಲ್ಲ. ತನ್ನ ಮೊದಲ ಪರಿಚ್ಛೇದವನ್ನೇ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲಿಡುತ್ತಾನೆ. ಸಹಜ ವಿವೇಕಕ್ಕೆ ಪರಿಭಾಷೆಯ ಆಸರೆ ಬೇಕೆಂಬುದು ಇದರ ತಾತ್ಪರ್ಯ. ಆಟ ಆಡುವ ಯುವಜನರ ಬಳಿ ಇಂದು ಮೊದಲನೆಯದಿದೆ, ಎರಡನೆಯದಿಲ್ಲ. 'ಮಸ್ತ್ ಅದ', 'ಬೋರ್ ಅದ' ಎಂಬ ಎರಡು ಮಾತುಗಳ ನಡುವಿನ ವಿಶಾಲವಾದ ಬಯಲು ಖಾಲಿ ಬಿದ್ದಿದೆ.

ಆಟಕ್ಕೆ ಅರ್ಥವಿದೆ ಎಂಬುದನ್ನು ಈ ನೆಲ ಹೊಸದಾಗಿ ಕಲಿಯಬೇಕಾಗಿಲ್ಲ. ಹಂಪಿಯೂ ಸೇರಿದಂತೆ ನಾಡಿನ ಹಲವು ಹಳೆಯ ತಾಣಗಳ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗ ಆಟಗಳನ್ನೇ ಕುರಿತದ್ದು. ಪಶ್ಚಿಮ ಭಾರತದ ಜೈನರಲ್ಲಿ ಪ್ರಚಾರದಲ್ಲಿದ್ದ 'ಜ್ಞಾನಬಾಜಿ' ಇನ್ನೂ ಸ್ಪಷ್ಟವಾದ ನಿದರ್ಶನ. ಸಾಮಾನ್ಯವಾಗಿ 84 ಮನೆಗಳಿರುವ ಆ ಪಟದಲ್ಲಿ ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು. ಪಟದ ತುದಿಯಲ್ಲಿ ಮೋಕ್ಷ. ಇದೇ ಬಗೆಯ ಆಟ ದಕ್ಷಿಣದಲ್ಲಿ ಪರಮಪದ ಸೋಪಾನವಾಯಿತು; 19ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋಗಿ ಮಕ್ಕಳ ಹಾವು-ಏಣಿಯಾಟವಾಯಿತು. ಜ್ಞಾನಬಾಜಿಯಲ್ಲಿ ಕರ್ಮಸಿದ್ಧಾಂತವನ್ನು ಯಾವ ಪಾತ್ರವೂ ಬಾಯಿಬಿಟ್ಟು ಬೋಧಿಸುವುದಿಲ್ಲ. ಏರುವ, ಜಾರುವ ನಿಯಮವೇ ಅದನ್ನು ಅನುಭವಕ್ಕೆ ತರುತ್ತದೆ. ಕಾವ್ಯ ಶಬ್ದಾರ್ಥಗಳ ಮೂಲಕ ಹೇಳುವುದನ್ನು ಆಟ ನಿಯಮದ ಮೂಲಕ ಹೇಳುತ್ತದೆ. ವಿಡಿಯೋ ಗೇಮ್‌ಗಳನ್ನು ಅರಿಯುವುದಕ್ಕೂ ಇದೇ ಕೀಲಿಕೈ.

ಪಾಶ್ಚಾತ್ಯರಲ್ಲಿಯೂ ಈ ತಿಳಿವಳಿಕೆ ಜಗಳವಿಲ್ಲದೆ ಬಂದದ್ದಲ್ಲ. ಆಟವನ್ನು ಸಂಸ್ಕೃತಿಯ ಮೂಲಶಕ್ತಿಗಳಲ್ಲೊಂದೆಂದು ಡಚ್ ಇತಿಹಾಸಕಾರ ಯೋಹಾನ್ ಹೌಯ್ಸಿಂಗಾ 'ಹೋಮೋ ಲೂಡೆನ್ಸ್' (1938) ಗ್ರಂಥದಲ್ಲಿ ಪ್ರತಿಪಾದಿಸಿದ. 1997ರಲ್ಲಿ ಎಸ್ಪೆನ್ ಆರ್ಸೆತ್ ಬರೆದ 'ಸೈಬರ್‌ಟೆಕ್ಸ್ಟ್' ಓದುಗನ ಶ್ರಮವಿಲ್ಲದೆ ಮುಂದೆ ಸಾಗದ ಪಠ್ಯಗಳನ್ನು ಚರ್ಚಿಸಿತು. ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದೆಂದು ಬರೆದಾಗ ಪ್ರತಿಭಟನೆಯ ಪ್ರವಾಹವೇ ಹರಿಯಿತು. ತಾನು ಆಡದೆ ಇದ್ದುದರ ಬಗೆಗೆ ತೀರ್ಪು ಕೊಡಬಾರದಿತ್ತೆಂದು ಕೆಲವೇ ತಿಂಗಳಲ್ಲಿ ಆತ ಒಪ್ಪಿಕೊಂಡ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 14 ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಈಬರ್ಟನ ತಪ್ಪೊಪ್ಪಿಗೆ ಕನ್ನಡದ ವಿದ್ವಾಂಸರಿಗೂ ಪಾಠ. ಓದದ ಗ್ರಂಥವನ್ನು ವಿಮರ್ಶಿಸಬಾರದೆಂಬ ಶಿಸ್ತು ಆಡದ ಆಟಕ್ಕೂ ಅನ್ವಯಿಸಬೇಕು.

ಹಾಗಾದರೆ ಆಟದ ವಿಮರ್ಶೆ ಹೇಗಿರಬೇಕು? ಯುವಜನರ ಬಾಯಲ್ಲಿ ಸದಾ ಇರುವ 'ಬಿಜಿಎಂಐ'ಯನ್ನೇ ತೆಗೆದುಕೊಳ್ಳಬಹುದು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧಕ್ಕೊಳಗಾದ ಮೇಲೆ 2021ರ ಜುಲೈನಲ್ಲಿ ಬಂದ ಆಟವಿದು. ಸುಮಾರು ನೂರು ಆಟಗಾರರು ವಿಮಾನದಿಂದ ದ್ವೀಪಕ್ಕೆ ಧುಮುಕುತ್ತಾರೆ, ಮನೆಗಳನ್ನು ಶೋಧಿಸಿ ಆಯುಧಗಳನ್ನು ಕೂಡಿಹಾಕುತ್ತಾರೆ, ಕುಗ್ಗುತ್ತ ಬರುವ ವರ್ತುಲದೊಳಗೆ ಉಳಿಯಲು ಹೆಣಗುತ್ತಾರೆ. ಕೊನೆಗೆ ಉಳಿದವರು ಗೆದ್ದವರು. ಇಲ್ಲಿ ಗುಣವೆಂದು ಹೇಳಬೇಕಾದದ್ದು ಆ ವರ್ತುಲವನ್ನೇ. ಅದು ಕಾಲವನ್ನು ಕಣ್ಣಿಗೆ ಕಾಣುವ ರೂಪಕ್ಕೆ ತರುತ್ತದೆ. ಓಡಲೂ ಆಗದ, ಅಡಗಲೂ ಆಗದ ಸಂಕಟವನ್ನು ಒಂದೂ ಮಾತಿಲ್ಲದೆ ಕಟ್ಟಿಕೊಡುತ್ತದೆ. ವರ್ತುಲ ಬಹಳ ಬೇಗ ಕುಗ್ಗುತ್ತದೆಂಬ ವಿದ್ಯಾರ್ಥಿಯ ದೂರು ಆ ಭಯಾನಕದ ಹದ ಕೆಟ್ಟಿತೆಂಬ ದೂರು. ಪ್ರಾಚೀನ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಅದು ಔಚಿತ್ಯದ ಪ್ರಶ್ನೆ.

ದೋಷವೂ ಅಲ್ಲಿಯೇ ಇದೆ. ಆ ದ್ವೀಪದ ಊರುಗಳಲ್ಲಿ ಸಾಲುಮನೆಗಳಿವೆ, ಶಾಲೆಯಿದೆ, ಆದರೆ ಬಾಳುವವರು ಒಬ್ಬರೂ ಇಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಗೆ ಸ್ಥಾನ ಕೊಟ್ಟ ಕನ್ನಡ ಚಂಪೂಕವಿಗೆ ಜನರಿಲ್ಲದ ಪುರ ಊಹೆಗೂ ನಿಲುಕದ ಮಾತಾಗಿತ್ತು. ಮನೆಯೆಂದರೆ ಕೊಳ್ಳೆ ಹೊಡೆಯುವ ತಾಣ ಎಂಬುದಷ್ಟನ್ನೇ ಈ ಆಟದ ನಿಯಮ ಕಲಿಸುತ್ತದೆ. ಆಟ ಹಿಂಸೆಯನ್ನು ತೋರಿಸುತ್ತದೆ ಎಂಬ ಎಲ್ಲರಿಗೂ ಗೊತ್ತಿರುವ ಆಕ್ಷೇಪಕ್ಕಿಂತ ಈ ಆಕ್ಷೇಪ ತೂಕದ್ದು. ಹಿಂಸೆ 'ಸಾಹಸಭೀಮವಿಜಯ'ದಲ್ಲಿಯೂ ಇದೆ. ಆದರೆ ಅಲ್ಲಿ ಸತ್ತವರಿಗಾಗಿ ಅಳುವ ದುರ್ಯೋಧನನೂ ಇದ್ದಾನೆ. ಬಿಜಿಎಂಐಯ ದ್ವೀಪದಲ್ಲಿ ಶೋಕಕ್ಕೆ ಎಡೆಯೇ ಇಲ್ಲ. ಇಷ್ಟನ್ನು ಹೇಳಬಲ್ಲವನು ಆ ಆಟವನ್ನು ಆಡಿದವನೂ ರನ್ನನನ್ನು ಓದಿದವನೂ ಆಗಿರಬೇಕು. ಅಂಥ ಓದುಗನನ್ನು ಸಿದ್ಧಪಡಿಸಬಲ್ಲದ್ದು ಕನ್ನಡ ತರಗತಿಯೊಂದೇ.

ಇನ್ನೊಂದು ಪ್ರಶ್ನೆ ಆಟ ಮತ್ತು ಜೂಜಿನ ಗಡಿಯದು. ಜೈನ ಶ್ರಾವಕಾಚಾರ ಹೇಳುವ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲು. ಮಿಕ್ಕ ವ್ಯಸನಗಳಿಗೆ ಬಾಗಿಲು ತೆರೆಯುವುದು ಅದೇ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಅಲ್ಲಿ ದೋಷವಿರುವುದು ದಾಳದಲ್ಲಿ ಅಲ್ಲ; ಪಣದಲ್ಲಿ, ಮತ್ತು ನಿಲ್ಲಿಸಲಾರದ ಮನಸ್ಸಿನಲ್ಲಿ. ಪಂಪನ 'ವಿಕ್ರಮಾರ್ಜುನ ವಿಜಯ'ದ (941) ದ್ಯೂತಪ್ರಸಂಗವನ್ನು ಓದುವವರು ಧರ್ಮರಾಯನ ಪಗಡೆಯ ಕೌಶಲವನ್ನು ಅಳೆಯುವುದಿಲ್ಲ. ಮುಂದಿನ ದಾಳ ತನ್ನದೆಂಬ ಆಸೆ ಅವನನ್ನು ಎಲ್ಲಿಗೆ ಒಯ್ದಿತೆಂಬುದನ್ನು ನೋಡುತ್ತಾರೆ. ಇಂದಿನ ಅನೇಕ ಆಟಗಳಲ್ಲಿ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಿವೆ. ಒಳಗೆ ಏನಿದೆಯೆಂಬುದು ತೆರೆಯುವವರೆಗೆ ತಿಳಿಯದು. ಬೇಕಾದ ಉಡುಗೆಯೋ ಆಯುಧದ ಬಣ್ಣವೋ ದೊರೆಯುವವರೆಗೆ ಮತ್ತೆ ಮತ್ತೆ ತೆರೆಯಬೇಕೆನಿಸುತ್ತದೆ. ಹೆಸರು ಆಟ, ರಚನೆ ಜೂಜು. ಕಾನೂನೂ ಈ ಗಡಿಯನ್ನು ಗುರುತಿಸಲು ತಿಣುಕಿದೆ. ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರಲ್ಲಿ ಕರ್ನಾಟಕ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಹಾಗೂ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿತು. ಆದರೆ ಒಂದೇ ಆಟದೊಳಗೆ ಆಟ ಎಲ್ಲಿ ಮುಗಿದು ಜೂಜು ಎಲ್ಲಿ ಮೊದಲಾಗುತ್ತದೆಂಬುದನ್ನು ಆಡುವವರ ವಿವೇಕವೇ ಹೇಳಬೇಕು. ಅಭಿಪ್ರಾಯ ಹಂಚಿಕೊಳ್ಳುವಾಗ 'ಈ ಆಟ ಯಾವಾಗ ಹಣ ಕೇಳುತ್ತದೆ, ಯಾವಾಗ ನಿಲ್ಲಲು ಬಿಡುತ್ತದೆ' ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ಗೆಳೆಯನಿಗೆ ಮಾಡಿದ ಉಪಕಾರ.

ಸಾಹಿತ್ಯದ ವಿದ್ಯಾರ್ಥಿಗಳು ಆಡಿ ನೋಡಬೇಕಾದ ಆಟಗಳೂ ಇಲ್ಲದಿಲ್ಲ. ಪುಣೆಯಲ್ಲಿ ರೂಪುಗೊಂಡ 'ರಾಜಿ' (2020) ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆಯನ್ನು ಪುರಾಣದ ಹಿನ್ನೆಲೆಯಲ್ಲಿ ಹೇಳುತ್ತದೆ. ಅದಕ್ಕಿಂತ ಗಮನಾರ್ಹವಾದದ್ದು ಕೆನಡಾದ ತಮಿಳು ಕುಟುಂಬವೊಂದರ ಕಥೆಯಾದ 'ವೆಣ್ಬಾ' (2023). ತಾಯಿಯಿಂದ ಬಂದ ಅಡುಗೆ ಪುಸ್ತಕದಲ್ಲಿ ಕೆಲವೆಡೆ ಅಕ್ಷರಗಳು ಅಳಿಸಿವೆ, ಪುಟಗಳು ಹಾಳಾಗಿವೆ. ಇಡ್ಲಿಯ ಪಾತ್ರೆಯನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಉಳಿದ ಸುಳಿವುಗಳಿಂದ ಆಟಗಾರನೇ ಊಹಿಸಬೇಕು. ತಾಳೆಗರಿಯ ತ್ರುಟಿತ ಪಾಠದೆದುರು ಕುಳಿತ ಗ್ರಂಥಸಂಪಾದಕನ ಕೆಲಸವೂ ಇದೇ. ಪರದೇಶದಲ್ಲಿ ಬೆಳೆದ ಮಗನಿಗೆ ತಾಯಿನುಡಿ ದೂರವಾಗುವ ನೋವನ್ನು ಆ ಆಟ ಭಾಷಣದಲ್ಲಿ ಹೇಳದೆ ಅಡುಗೆಮನೆಯ ಕೆಲಸದಲ್ಲಿ ಹೇಳುತ್ತದೆ. ಇಂಥದೊಂದು ಆಟ ತಮಿಳರಿಗೆ ಸಾಧ್ಯವಾದರೆ ಕನ್ನಡಕ್ಕೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಅದನ್ನು ಆಡಿದ ಕನ್ನಡಿಗನಲ್ಲಿ ಏಳದಿರದು.

ಭಾಷೆಯ ಪ್ರಶ್ನೆ ಇಲ್ಲಿಂದಲೇ ಹೊರಡುತ್ತದೆ. ಜಗತ್ತಿನಾದ್ಯಂತ ಮಕ್ಕಳು ಆಡುವ 'ಮೈನ್‌ಕ್ರಾಫ್ಟ್'ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಸ್ವಯಂಪ್ರೇರಿತ ಅನುವಾದಕರ ಶ್ರಮದಿಂದ ಅದು ಅಲ್ಲಿಗೆ ಬಂದಿದೆ. ಆಟದೊಳಗೆ ಕನ್ನಡ ಬಂದರೆ ಸಾಲದು, ಆಟದ ಬಗೆಗಿನ ಮಾತೂ ಕನ್ನಡದಲ್ಲಿ ಬೆಳೆಯಬೇಕು. ಇದಕ್ಕಾಗಿ ಸಂಸ್ಕೃತದಿಂದ ಬಿಗಿಯಾದ ಪದಗಳನ್ನು ಟಂಕಿಸಿ ಯುವಜನರ ಮೇಲೆ ಹೇರುವುದು ವ್ಯರ್ಥ. ಮ್ಯಾಪ್, ಝೋನ್, ಲೆವೆಲ್ ಎಂಬ ಮಾತುಗಳು ಇರಲಿ. ಗರ, ಕಾಯಿ, ಮನೆ, ಹಣ್ಣಾಗುವುದು ಮುಂತಾದ ಪಗಡೆ-ಚೌಕಾಬಾರದ ಮಾತುಗಳೂ ಅವುಗಳ ಜೊತೆಗೆ ಕೂಡಲಿ. ಕಲಬುರಗಿಯ ನುಡಿ ದಖನಿ, ಮರಾಠಿ, ತೆಲುಗುಗಳೊಡನೆ ಶತಮಾನಗಳಿಂದ ಒಡನಾಡಿ ಬೆಳೆದದ್ದು. ಹೊಸ ಮಾತನ್ನು ಅರಗಿಸಿಕೊಳ್ಳುವ ಕಲೆ ಅದಕ್ಕೆ ಹೊಸದಲ್ಲ. ಕನ್ನಡಗಳ ಬಹುತ್ವವನ್ನು ಮೊದಲು ಗುರುತಿಸಿದ ಗ್ರಂಥವೂ ಕವಿರಾಜಮಾರ್ಗವೇ ಎಂಬುದನ್ನು ಇಲ್ಲಿ ನೆನೆಯಬೇಕು.

ವಿದ್ಯಾರ್ಥಿಗಳು ಓದುವುದನ್ನೇ ಬಿಟ್ಟಿರುವಾಗ ಆಟಕ್ಕೆ ತರಗತಿಯಲ್ಲಿ ಮಣೆ ಹಾಕುವುದೇ ಎಂಬ ಆಕ್ಷೇಪ ಬರುತ್ತದೆ. ಆ ಆತಂಕ ನಿಜವಾದದ್ದು. ರಾತ್ರಿಯಿಡೀ ಆಡಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುವವರನ್ನು ಎಲ್ಲ ಅಧ್ಯಾಪಕರೂ ಕಂಡಿದ್ದಾರೆ. ಆದರೆ ಬೈಗುಳದಿಂದ ಯಾವ ವ್ಯಸನವೂ ಬಿಟ್ಟುಹೋದದ್ದಿಲ್ಲ. ತಾನು ಏಕೆ ಆಡುತ್ತಿದ್ದೇನೆ, ಆಟ ತನ್ನಿಂದ ಏನನ್ನು ಪಡೆಯುತ್ತಿದೆ ಎಂದು ಒಂದು ಪುಟ ಬರೆಯಬಲ್ಲವನು ಅಷ್ಟರಮಟ್ಟಿಗೆ ಆಟದಿಂದ ಹೊರಗೆ ನಿಂತು ನೋಡಿದ್ದಾನೆ. ಆ ಒಂದು ಪುಟ ಅವನನ್ನು ಗ್ರಂಥದ ಕಡೆಗೂ ತಿರುಗಿಸಬಲ್ಲದು.

ಆದ್ದರಿಂದ ಕಲಬುರಗಿಯ ಕನ್ನಡ ವಿಭಾಗಗಳಲ್ಲಿ ಮಾಡಬಹುದಾದ ಕೆಲಸ ಸರಳವಾದದ್ದು. ಪದವಿ ತರಗತಿಯ ವಿದ್ಯಾರ್ಥಿಗಳಿಂದ ವರ್ಷಕ್ಕೊಮ್ಮೆ, ಅವರು ಸದ್ಯ ಆಡುತ್ತಿರುವ ಒಂದು ಆಟದ ಮೇಲೆ, ಗುಣವೊಂದು, ದೋಷವೊಂದು, ಎರಡಕ್ಕೂ ಕಾರಣ ಕೊಟ್ಟು ಕನ್ನಡದಲ್ಲಿ ಬರೆಸಬೇಕು. ಮನೆಮಾತಿನಲ್ಲಿ ಬರೆದರೂ ಒಪ್ಪಬೇಕು. ಬರೆದದ್ದನ್ನು ತರಗತಿಯಲ್ಲಿ ಓದಿಸಿ, ಒಪ್ಪದವರಿಂದ ಉತ್ತರ ಹೇಳಿಸಬೇಕು. ಅದಾದ ಮರುದಿನ ಕವಿರಾಜಮಾರ್ಗದ ದೋಷಪ್ರಕರಣವನ್ನು ಪಾಠಕ್ಕೆ ತೆಗೆದುಕೊಂಡರೆ, ಕಮಲಾಪುರದ ಬಸ್ಸಿನಲ್ಲಿ ಬಂದ ವಿದ್ಯಾರ್ಥಿಗೆ ಶ್ರೀವಿಜಯ ಹೊಸಬನೆನಿಸುವುದಿಲ್ಲ. ತಾನು ನಿನ್ನೆ ಮಾಡಿದ ಕೆಲಸವನ್ನೇ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದೆ ಪಕ್ಕದ ಊರಿನ ಆಸ್ಥಾನದಲ್ಲಿದ್ದವನೊಬ್ಬ ಮಾಡಿದ್ದನೆಂದು ಅವನಿಗೆ ತಿಳಿಯುತ್ತದೆ.